ಹಳೆಯ ಗಣಕಯಂತ್ರವನ್ನು ಅಳಿಸುವ ಮುನ್ನ

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಹಳೆಯ ಯಂತ್ರಗಳನ್ನು ಸುಲಭವಾಗಿ ಒಪ್ಪುವುದಿಲ್ಲ. ಟಿಪಿಎಂ 2.0 ಎಂಬ ಸುರಕ್ಷಾ ವ್ಯವಸ್ಥೆಯಿಲ್ಲದ, ಹಳೆಯ ತಲೆಮಾರಿನ ಪ್ರೊಸೆಸರ್ ಉಳ್ಳ ಗಣಕಯಂತ್ರಗಳು ಅದರ ಬಾಗಿಲಲ್ಲೇ ನಿಂತುಬಿಡುತ್ತವೆ. ಹೀಗಾಗಿ ಕಾಸರಗೋಡು, ಮಂಜೇಶ್ವರ ಪ್ರದೇಶದ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳ ಮನೆಗಳಲ್ಲಿ, ಅಧ್ಯಾಪಕರ ಮನೆಗಳಲ್ಲಿ, ಶಾಲಾ ಕಚೇರಿಗಳಲ್ಲಿಯೂ ಹತ್ತು ಹದಿನೈದು ವರ್ಷ ದುಡಿದ ಯಂತ್ರಗಳ ಮುಂದೆ ಈಗ ಎರಡು ದಾರಿಗಳಿವೆ. ಒಂದು, ಗುಜರಿ ಅಂಗಡಿ. ಇನ್ನೊಂದು, ಕೇರಳದ ಕೈಟ್ ಸಂಸ್ಥೆಯು ಶಾಲೆಗಳಿಗಾಗಿ ರೂಪಿಸಿರುವ ಉಬುಂಟು ಆಧಾರಿತ ಮುಕ್ತ ವ್ಯವಸ್ಥೆಯನ್ನು ಅದರಲ್ಲಿ ಸ್ಥಾಪಿಸಿ, ಎಂಟನೆಯದೋ ಹತ್ತನೆಯದೋ ಓದುವ ಮಗುವಿನ ಐಸಿಟಿ ಪಾಠಕ್ಕೆ ಒಪ್ಪಿಸುವುದು. ಎರಡನೆಯದೇ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಕೊಂಚ ನಿಧಾನವಾದರೂ ಯಂತ್ರವು ಇನ್ನೂ ನಾಲ್ಕೈದು ವರ್ಷ ಮಗುವಿಗೆ ಒದಗುತ್ತದೆ.

ಆದರೆ ಎರಡೂ ದಾರಿಗಳಲ್ಲಿ ಯಂತ್ರದೊಳಗಿನ ಡಿಸ್ಕ್ ಬರಿದಾಗಬೇಕು. ಹೊಸ ವ್ಯವಸ್ಥೆಯನ್ನು ಸ್ಥಾಪಿಸುವಾಗ ಪರದೆಯ ಮೇಲೆ ಆಯ್ಕೆಗಳು ಮೂಡುತ್ತವೆ. ಹಳೆಯದರ ಪಕ್ಕದಲ್ಲಿ ಸ್ಥಾಪಿಸಬೇಕೇ, ಡಿಸ್ಕನ್ನು ಪೂರ್ತಿ ಅಳಿಸಿ ಸ್ಥಾಪಿಸಬೇಕೇ ಎಂದು ಅದು ಕೇಳುತ್ತದೆ. ಎರಡನೆಯದನ್ನು ಆಯ್ದು ದೃಢೀಕರಿಸಿದರೆ ಹಳೆಯ ವಿಭಾಗಗಳು ಅಳಿಯಲು ಕೆಲವು ಕ್ಷಣಗಳೇ ಸಾಕು. ಅದಕ್ಕೆ ಮುಂಚೆ ಮನೆಯ ಮಗನೋ ಮಗಳೋ ಬಂದು, ಇದ್ದುದೆಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ ಆಗಿದೆ ಎನ್ನುತ್ತಾರೆ. ಹೆತ್ತವರು ಸಮಾಧಾನಪಡುತ್ತಾರೆ. ಕನ್ನಡದಲ್ಲಿ ಬರೆದಿಟ್ಟ ಮನೆಯಲ್ಲಿ ಈ ಸಮಾಧಾನಕ್ಕೆ ಆತುರಪಡಬಾರದು. ಕಡತವು ಹೊಸ ಯಂತ್ರವನ್ನು ತಲುಪಿಯೂ ಅದರೊಳಗಿನ ಕನ್ನಡವು ಹಳೆಯ ಯಂತ್ರದಲ್ಲಿಯೇ ಉಳಿದು ಅಳಿಸಿಹೋಗುವ ಸಂಭವವಿದೆ.

ಇಂತಹ ಯಂತ್ರವೊಂದರಲ್ಲಿ ಏನೆಲ್ಲ ಇರುತ್ತದೆಂದು ಮೊದಲು ನೋಡಬೇಕು. ಅಧ್ಯಾಪಕರೊಬ್ಬರ ಮನೆಯ ಗಣಕದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಿರುತ್ತವೆ, ಶಾಲಾ ವಾರ್ಷಿಕೋತ್ಸವದ ವರದಿಗಳಿರುತ್ತವೆ, ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಊರ ಹಿರಿಯರು ಹೇಳಿ ಬರೆಸಿದ ಲೇಖನಗಳಿರುತ್ತವೆ. ಕಲೋತ್ಸವಕ್ಕೆಂದು ಬರೆದ ನಾಟಕ, ಮಕ್ಕಳ ತಾಳಮದ್ದಳೆಗೆ ಸಂಗ್ರಹಿಸಿದ ಅರ್ಥಗಾರಿಕೆಯ ಟಿಪ್ಪಣಿ, ಗ್ರಂಥಾಲಯದ ಪುಸ್ತಕಪಟ್ಟಿ ಇರುತ್ತವೆ. ರಕ್ಷಕ ಶಿಕ್ಷಕ ಸಂಘದ ಕಾರ್ಯದರ್ಶಿಯ ಮನೆಯಲ್ಲಾದರೆ ಮನವಿಪತ್ರಗಳು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಬರೆದದ್ದು, ಪಠ್ಯಪುಸ್ತಕ ತಡವಾದಾಗ ಬರೆದದ್ದು, ಅರ್ಜಿ ನಮೂನೆಗಳನ್ನು ಕನ್ನಡದಲ್ಲಿಯೂ ಕೊಡಬೇಕೆಂದು ಬರೆದದ್ದು.

ಈ ಕಾಗದಪತ್ರಗಳಿಗೆ ಬೇರೆಲ್ಲೂ ಪ್ರತಿಯಿಲ್ಲ ಎಂಬುದನ್ನು ಗಡಿನಾಡಿನವರು ಮರೆಯುವುದುಂಟು. 1956ರ ನವೆಂಬರ್ 1ರ ಬಳಿಕ ಇಲ್ಲಿನ ಕನ್ನಡ ಬರೆಹವು ಕರ್ನಾಟಕದ ಆಡಳಿತಕ್ಕೆ ಹೊರಗಿನದಾಯಿತು. ಕೇರಳದ ಕಚೇರಿಗೆ ಸಲ್ಲುವುದು ಸಹಿ ಮಾಡಿದ ಒಂದು ಪ್ರತಿ ಮಾತ್ರ, ಅದು ಅಲ್ಲಿ ಎಷ್ಟು ವರ್ಷ ಉಳಿಯುತ್ತದೆಂಬುದು ಆ ಕಚೇರಿಯ ಕಡತ ವಿಲೇವಾರಿಯ ಕ್ರಮಕ್ಕೆ ಬಿಟ್ಟದ್ದು. ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸುವ ಹೊಣೆಯನ್ನು 350ಎ ವಿಧಿ ರಾಜ್ಯದ ಮೇಲೆ ಹೊರಿಸಿದೆ. ಈ ಹಕ್ಕನ್ನು ಒಂದು ಶಾಲೆಯ ಹೆತ್ತವರು ಯಾವ ವರ್ಷ, ಯಾವ ಮಾತುಗಳಲ್ಲಿ ಚಲಾಯಿಸಿದರು ಎಂಬುದಕ್ಕೆ ಉಳಿಯುವ ಸಾಕ್ಷಿ ಹೆಚ್ಚಾಗಿ ಆ ಕಾರ್ಯದರ್ಶಿಯ ಮೇಜಿನ ಕೆಳಗಿನ ಧೂಳು ಹಿಡಿದ ಪೆಟ್ಟಿಗೆಯಲ್ಲಿರುತ್ತದೆ. ಮುಂದೆಂದಾದರೂ ನ್ಯಾಯಾಲಯದ ಮೆಟ್ಟಿಲೇರಬೇಕಾದರೆ ಮೊದಲು ಕೇಳುವ ಪ್ರಶ್ನೆ, ಇದಕ್ಕೆ ಮುಂಚೆ ಮನವಿ ಕೊಟ್ಟಿದ್ದೀರಾ, ಪ್ರತಿ ಎಲ್ಲಿ ಎಂಬುದೇ.

ಇನ್ನು ಲಿಪಿಯ ವಿಚಾರ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂದಿತು. ಬಳಿಕ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯನ್ನು ಕರ್ನಾಟಕ ಸರಕಾರ ಅಂಗೀಕರಿಸಿತು. ಎರಡೂ ಹಣವಿಲ್ಲದೆ ದೊರೆಯುತ್ತಿದ್ದುದರಿಂದ ಸಿ.ಡಿ.ಗಳ ಮೂಲಕ ಗಡಿ ದಾಟಿ ಇಲ್ಲಿನ ಶಾಲೆಗಳನ್ನೂ ಡಿಟಿಪಿ ಅಂಗಡಿಗಳನ್ನೂ ಸೇರಿದವು. ಕನ್ನಡವನ್ನು ಗಣಕಕ್ಕೆ ಕಲಿಸಿದ ಆ ಉಪಕಾರ ದೊಡ್ಡದು. ಆದರೆ ಆ ಕಾಲದ ಅಕ್ಷರಕ್ರಮದಲ್ಲಿ ಗಣಕಯಂತ್ರಕ್ಕೆ ಕನ್ನಡದ ಅರಿವೇ ಇರಲಿಲ್ಲ. ಅದು ಒಳಗೆ ಇಂಗ್ಲಿಷ್ ಮತ್ತಿತರ ಐರೋಪ್ಯ ಅಕ್ಷರಗಳ ಸಂಕೇತಗಳನ್ನೇ ಬರೆದುಕೊಳ್ಳುತ್ತಿತ್ತು. ಪರದೆಯ ಮೇಲೆ ಅವುಗಳಿಗೆ ಕನ್ನಡದ ರೂಪ ತೊಡಿಸುತ್ತಿದ್ದುದು ಫಾಂಟ್ ಎಂಬ ಅಕ್ಷರಶೈಲಿಯ ಕಡತ. ನುಡಿಯ ಹಳೆಯ ಕ್ರಮದಲ್ಲಿ ‘ಕನ್ನಡ’ ಎಂಬ ಪದವನ್ನು ಬೆರಳಚ್ಚಿಸಿದರೆ ಯಂತ್ರದೊಳಗೆ ಉಳಿಯುವುದು ಏಳು ಗುರುತುಗಳು: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆಯುಳ್ಳ ಎ, ಪೌಂಡ್ ನಾಣ್ಯದ ಚಿಹ್ನೆ, ಪುನಃ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಕೊನೆಗೆ ಮತ್ತೊಮ್ಮೆ ಎ. ನುಡಿ ಫಾಂಟ್ ಇರುವಲ್ಲಿ ಇದು ‘ಕನ್ನಡ’. ಇಲ್ಲದಲ್ಲಿ ಬರಿಯ ಗೀಚು.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ತಮ್ಮದೇ ಸಂಖ್ಯೆಗಳನ್ನು ಕೊಟ್ಟ ಆ ಕ್ರಮದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಅದನ್ನು ಮನೆಮನೆಯ ಗಣಕಕ್ಕೆ ತಂದಿತು. ಇಂದು ಮೊಬೈಲ್ ಫೋನಿನಲ್ಲಿ ಬರೆಯುವ ಕನ್ನಡವೆಲ್ಲ ಯೂನಿಕೋಡೇ. ಹೀಗಿದ್ದರೂ ಬೆರಳಿನ ರೂಢಿ ಬೇಗ ಬದಲಾಗುವಂಥದ್ದಲ್ಲ. ಶಾಲೆ, ಕಚೇರಿ, ಮುದ್ರಣಾಲಯಗಳು ಅದಾದ ಮೇಲೂ ಎಷ್ಟೋ ವರ್ಷ ಹಳೆಯ ನುಡಿಯಲ್ಲಿಯೇ ಬೆರಳಚ್ಚಿಸಿದವು. ಯೂನಿಕೋಡಿನಲ್ಲೇ ಹುಟ್ಟಿ ಬೆಳೆದ ಮಗುವಿಗೆ ಈ ವ್ಯತ್ಯಾಸದ ಸುಳಿವಿಲ್ಲ. ಹಳೆಯ ಕಡತವನ್ನು ಹೊಸ ಯಂತ್ರದಲ್ಲಿ ತೆರೆದು, ಗೀಚನ್ನು ಕಂಡು, ಇದು ಹಾಳಾಗಿದೆ ಎಂದು ಅಳಿಸಿಬಿಡುವ ಮಗು ತಪ್ಪು ಮಾಡಿತೆಂದು ಹೇಳಲಾಗದು. ಹಾಳಾಗದ ಕಡತ ಅದು ಎಂದು ಯಾರೂ ಅದಕ್ಕೆ ತಿಳಿಸಿರಲಿಲ್ಲ, ಅಷ್ಟೆ.

ಕಾಸರಗೋಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಇಲ್ಲಿನ ಒಂದು ಅರ್ಜಿಯಲ್ಲಿ ಅನೇಕ ವೇಳೆ ಎರಡು ಲಿಪಿಗಳಿರುತ್ತವೆ. ಕನ್ನಡದ ಒಕ್ಕಣೆ ನುಡಿಯಲ್ಲಿ, ಕಚೇರಿಯ ಹೆಸರು ಮತ್ತು ಆದೇಶದ ಉಲ್ಲೇಖ ಎಂಎಲ್-ಟಿಟಿ ಎಂದು ಆರಂಭವಾಗುವ ಹಳೆಯ ಮಲಯಾಳ ಫಾಂಟಿನಲ್ಲಿ. ಒಂದು ಫಾಂಟ್ ಇದ್ದು ಇನ್ನೊಂದು ಇಲ್ಲವಾದರೆ ಪುಟದ ಅರ್ಧ ಮಾತ್ರ ಮಾತನಾಡುತ್ತದೆ. ಸ್ಮರಣ ಸಂಚಿಕೆಗಳ ಪಾಡು ಇದಕ್ಕಿಂತ ಕಷ್ಟದ್ದು. ಅವನ್ನು ಹೆಚ್ಚಾಗಿ ಪೇಜ್‌ಮೇಕರ್‌ನಲ್ಲಿ ಪುಟಕಟ್ಟಿರುತ್ತಾರೆ. ಆ ತಂತ್ರಾಂಶದ ಬೆಳವಣಿಗೆ ಏಳನೆಯ ಆವೃತ್ತಿಗೇ ನಿಂತಿದೆ. ಅದೇ ಸಂಸ್ಥೆಯ ಇನ್‌ಡಿಸೈನ್ ಕೂಡ ಸಿಎಸ್6 ಆವೃತ್ತಿಯವರೆಗೆ ಮಾತ್ರ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತಿತ್ತು. ಈಚಿನ ಆವೃತ್ತಿಗಳು ಅವನ್ನು ಗುರುತಿಸುವುದಿಲ್ಲ. ಆದ್ದರಿಂದ ಪೇಜ್‌ಮೇಕರ್ ಇನ್ನೂ ತೆರೆದುಕೊಳ್ಳುವ ಹಳೆಯ ಯಂತ್ರವೊಂದು ಶಾಲೆಯಲ್ಲೋ ಊರಿನ ಮುದ್ರಣಾಲಯದಲ್ಲೋ ಇದ್ದರೆ ಅದರ ಆಯುಷ್ಯ ಮುಗಿಯುವುದರೊಳಗೆ ಈ ಕೆಲಸ ಆಗಬೇಕು. ಬಿಟ್ಟ ಮೇಲೆ ಹಣ ಕೊಟ್ಟರೂ ಆಗುವ ಕೆಲಸವಲ್ಲ.

ಮಾಡಬೇಕಾದುದೇನು? ಮೊದಲನೆಯದಾಗಿ, ಹಳೆಯ ಯಂತ್ರವು ಇನ್ನೂ ಹಳೆಯ ಯಂತ್ರವಾಗಿರುವಾಗಲೇ, ಅಂದರೆ ಅದರಲ್ಲಿ ಕನ್ನಡ ಸರಿಯಾಗಿ ಕಾಣುತ್ತಿರುವಾಗಲೇ, ಬೇಕಾದ ಪ್ರತಿಯೊಂದು ಬರೆಹವನ್ನೂ ಪಿಡಿಎಫ್ ಆಗಿ ಉಳಿಸಿಕೊಳ್ಳಬೇಕು. ಪಿಡಿಎಫ್ ಕಡತವು ತನಗೆ ಬೇಕಾದ ಫಾಂಟನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಳ್ಳಬಲ್ಲದು. ಎಲ್ಲಿ ತೆರೆದರೂ ಪುಟ ಇದ್ದಂತೆಯೇ ಕಾಣುತ್ತದೆ. ವಿಂಡೋಸ್ 10ರಲ್ಲಿ ಮುದ್ರಣದ ಆಯ್ಕೆಯಲ್ಲಿಯೇ ಪಿಡಿಎಫ್ ಇದೆ. ವಿಂಡೋಸ್ 7ರಲ್ಲಿ ಇಲ್ಲ, ಅಲ್ಲಿ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶವನ್ನು ಸ್ಥಾಪಿಸಿ ಅದರಿಂದ ಪಿಡಿಎಫ್ ಪಡೆಯಬಹುದು. ಒಂದು ಮಿತಿಯಿದೆ. ಈ ಪಿಡಿಎಫ್ ಕಣ್ಣಿಗೆ ಕನ್ನಡವೇ ಹೊರತು ಯಂತ್ರಕ್ಕಲ್ಲ; ಅದರಲ್ಲಿ ಪದ ಹುಡುಕಿದರೆ ಸಿಗದು, ಒಂದು ವಾಕ್ಯವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಪುನಃ ಪಿ, ಎ, ಪೌಂಡ್.

ಆದ್ದರಿಂದ ಎರಡನೆಯದಾಗಿ ಯೂನಿಕೋಡಿಗೆ ಪರಿವರ್ತನೆ. ನುಡಿ ಮತ್ತು ಬರಹ ಎರಡರಲ್ಲೂ ಇದಕ್ಕೆ ಸಲಕರಣೆಯಿದೆ. ನೂರು ಕಡತಗಳನ್ನು ಒಂದೇ ಸಂಜೆ ಪರಿವರ್ತಿಸಿ ಮುಗಿಸುವ ಉಮೇದು ಬೇಡ. ಪರಿವರ್ತಿತ ಪಠ್ಯವನ್ನು ಮನುಷ್ಯರೊಬ್ಬರು ಓದಲೇಬೇಕು. ಹಳೆಯ ಕ್ರಮದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಸ್ಥಾನದಲ್ಲಿ, ಅಂದರೆ ವ್ಯಂಜನದ ಬಳಿಕ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ, ಅಲ್ಲಿ ರಕಾರವೇ ಮೊದಲು. ಈ ಸ್ಥಾನಪಲ್ಲಟ ಎಲ್ಲ ಪದಗಳಲ್ಲೂ ಸರಿಯಾಗಿ ನಡೆದಿರುವುದಿಲ್ಲ. ‘ಅರ್ಜಿ’, ‘ವರ್ಷ’, ‘ಕಾರ್ಯದರ್ಶಿ’ ಇಂತಹ ಪದಗಳ ಮೇಲೆ ಮೊದಲು ಕಣ್ಣು ಹಾಯಿಸಬೇಕು. ಕನ್ನಡದ ನಡುವೆ ಬೇರೆ ಫಾಂಟಿನಲ್ಲಿ ಬರೆದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕವು ಅವನ್ನೂ ಕನ್ನಡವೆಂದೇ ಬಗೆದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡುವುದುಂಟು. ಮಲಯಾಳದ ಸಾಲುಗಳಿಗೂ ಅದೇ ಗತಿ. ಹೆಸರು, ತಾರೀಕು, ಆದೇಶ ಸಂಖ್ಯೆ, ಸರ್ವೆ ನಂಬರುಗಳನ್ನು ಪಿಡಿಎಫ್‌ನೊಡನೆ ತಾಳೆ ನೋಡದೆ ಬಿಡಬಾರದು. ರಜೆಯಲ್ಲಿ ಹತ್ತನೆಯ ತರಗತಿಯ ಮಗುವನ್ನು ಕೂರಿಸಿ, ಅಜ್ಜನೋ ಅಧ್ಯಾಪಕರೋ ಓದುತ್ತ ಹೋದರೆ ಇದು ಅಷ್ಟೇನೂ ಬೇಸರದ ಕೆಲಸವಲ್ಲ. ಮಗುವಿಗೆ ಕಾಗುಣಿತವೂ ಊರ ಚರಿತ್ರೆಯೂ ಒಂದೇ ಮೇಜಿನಲ್ಲಿ ಸಿಗುತ್ತವೆ.

ಮೂರನೆಯದು ಚಿಕ್ಕ ಕೆಲಸ, ಆದರೆ ಮರೆಯುವ ಕೆಲಸ. ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಎಂಬ ಫೋಲ್ಡರಿದೆ. ಅಲ್ಲಿಂದ ನುಡಿ, ಬಿಆರ್‌ಎಚ್, ಎಂಎಲ್-ಟಿಟಿ ಎಂದು ಆರಂಭವಾಗುವ ಫಾಂಟುಗಳನ್ನು ನಕಲಿಸಿ, ಕಡತಗಳ ಜೊತೆಯಲ್ಲಿಯೇ ಇಡಬೇಕು. ಪರಿವರ್ತನೆಗೆ ಸಮಯ ಸಿಗದಿದ್ದರೂ ಫಾಂಟ್ ಇದ್ದರೆ ಮುಂದೊಂದು ದಿನ ಓದಬಹುದು. ಲಿನಕ್ಸ್ ಯಂತ್ರದಲ್ಲಿಯೂ ಇವನ್ನು ಸ್ಥಾಪಿಸಿ ಲಿಬ್ರೆಆಫೀಸಿನಲ್ಲಿ ಹಳೆಯ ಕಡತಗಳನ್ನು ಬಹುಮಟ್ಟಿಗೆ ತೆರೆಯಬಹುದು. ಕೆಲವು ಮುದ್ರಣ ತಂತ್ರಾಂಶಗಳು ಯಂತ್ರದ ಹಿಂಬದಿಗೆ ಚುಚ್ಚುವ ಬೀಗವಿಲ್ಲದೆ ತೆರೆಯುತ್ತಿರಲಿಲ್ಲ. ಅಂತಹ ಬೀಗ ಚುಚ್ಚಲು ಇಂದಿನ ಲ್ಯಾಪ್‌ಟಾಪಿನಲ್ಲಿ ಹಳೆಯ ಮಾದರಿಯ ಸಂಪರ್ಕಸ್ಥಾನವೇ ಇರುವುದಿಲ್ಲ. ಅಲ್ಲಿ ಪಿಡಿಎಫ್ ಒಂದೇ ಗತಿ.

ಕಡತಗಳು ಎಲ್ಲೆಲ್ಲಿ ಅಡಗಿರುತ್ತವೆ ಎಂಬುದಕ್ಕೆ ಹೆಚ್ಚು ಮಾತು ಬೇಡ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಡಿ ಡ್ರೈವ್, ಮನೆಯ ಇತರ ಸದಸ್ಯರ ಹೆಸರಿನ ಖಾತೆಗಳು, ಬ್ರೌಸರಿನಲ್ಲಿ ಉಳಿಸಿದ ಗುಪ್ತಪದಗಳು, ಔಟ್‌ಲುಕ್ ಬಳಸುತ್ತಿದ್ದರೆ ಅದರ ಪಿಎಸ್‌ಟಿ ಕಡತ, ತೋಟದ ಲೆಕ್ಕ ಇಡಲು ಟ್ಯಾಲಿ ಬಳಸುತ್ತಿದ್ದರೆ ಅದರ ದತ್ತಾಂಶದ ಫೋಲ್ಡರ್. ಆದರೆ ಇಲ್ಲಿನ ಮನೆಗಳಿಗೆ ವಿಶೇಷವಾದ ಒಂದು ಅಡಗುತಾಣವನ್ನು ಹೇಳದೆ ಬಿಡುವಂತಿಲ್ಲ. ಕೇರಳದ ಐಸಿಟಿ ಪಾಠ ಮುಕ್ತ ತಂತ್ರಾಂಶದಲ್ಲಿ ನಡೆಯುವುದರಿಂದ ಮನೆಯ ಗಣಕದಲ್ಲಿ ವಿಂಡೋಸಿನ ಪಕ್ಕದಲ್ಲೇ ಉಬುಂಟು ಇರುವುದುಂಟು. ವಿಂಡೋಸ್ ಸಾಮಾನ್ಯವಾಗಿ ಲಿನಕ್ಸ್ ವಿಭಾಗದೊಳಗಿನ ಕಡತಗಳನ್ನು ತೋರಿಸುವುದಿಲ್ಲ. ಅಪ್ಪ ವಿಂಡೋಸಿನಲ್ಲಿ ಕುಳಿತು ಎಲ್ಲವನ್ನೂ ನಕಲಿಸಿದರೆ, ಹಿರಿಯ ಮಗಳು ನಾಲ್ಕು ವರ್ಷಗಳ ಹಿಂದೆ ಮಾಡಿದ ಚಿತ್ರ, ಅನಿಮೇಶನ್, ಡಿಜಿಟಲ್ ಪತ್ರಿಕೆ ಎಲ್ಲವೂ ಆಚೆ ಬದಿಯಲ್ಲೇ ಉಳಿಯುತ್ತವೆ. ಉಬುಂಟುವಿನಿಂದ ನೋಡಿದರೆ ಮಾತ್ರ ಎರಡೂ ಬದಿಗಳು ಕಾಣುತ್ತವೆ. ನಕಲು ಮಾಡುವ ಕೆಲಸವನ್ನು ಅಲ್ಲಿಂದಲೇ ಮಾಡುವುದು ಲೇಸು. ವಿಂಡೋಸ್ ಏಳದೆ ಸತ್ತಂತಿರುವ ಯಂತ್ರಕ್ಕೂ ಇದೇ ಮದ್ದು: ಉಬುಂಟು ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸಿ, ಸ್ಥಾಪಿಸದೆ ಬರಿದೇ ಪ್ರಯತ್ನಿಸು ಎಂಬ ಆಯ್ಕೆಯನ್ನು ಒತ್ತಿದರೆ, ಡಿಸ್ಕ್ ಕೆಟ್ಟಿರದ ಪಕ್ಷದಲ್ಲಿ ಒಳಗಿನ ಕಡತಗಳು ಕಾಣುತ್ತವೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ 48 ಅಂಕಿಗಳ ಮರುಪಡೆಯುವ ಸಂಖ್ಯೆ ಮೊದಲೇ ಕೈಯಲ್ಲಿರಬೇಕು.

ನಕಲನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆಗೆ ಪೆನ್‌ಡ್ರೈವ್ ಎಂಬುದು ಸರಿಯಾದ ಉತ್ತರವಲ್ಲ. ಅದು ಕೊಂಡೊಯ್ಯುವ ಸಾಧನ, ಕಾಪಿಡುವ ಸಾಧನವಲ್ಲ. ಹಳೆಯ ಎಫ್‌ಎಟಿ32 ಕ್ರಮದಲ್ಲಿರುವ ಪೆನ್‌ಡ್ರೈವಾದರೆ 4 ಜಿಬಿಗಿಂತ ದೊಡ್ಡ ಕಡತವನ್ನು ಒಪ್ಪಿಕೊಳ್ಳುವುದೂ ಇಲ್ಲ. ವಾರ್ಷಿಕೋತ್ಸವದ ಯಕ್ಷಗಾನದ ವೀಡಿಯೋ ಅಲ್ಲಿಯೇ ತಡೆದು ನಿಲ್ಲುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಮನೆಯಲ್ಲಿ ಎಂಬ ರೂಢಿಯ ಸೂತ್ರ ಇಲ್ಲಿಯೂ ಹೊಂದುತ್ತದೆ. ತುಲಾ ಮಾಸದ ಸಿಡಿಲಿಗೆ ಒಂದೇ ಮೇಜಿನ ಮೇಲಿರುವ ಗಣಕವೂ ಅದಕ್ಕೆ ಜೋಡಿಸಿದ ಬಾಹ್ಯ ಡಿಸ್ಕೂ ಜೊತೆಯಲ್ಲೇ ಸುಟ್ಟುಹೋಗಬಹುದು. ಸಿ.ಡಿ.ಗಳಿಗೆ ನಮ್ಮ ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಗೂಗಲ್ ಖಾತೆಯ ಉಚಿತ 15 ಜಿಬಿ ಸ್ಥಳವು ಬರೆಹಗಳಿಗೆ ಧಾರಾಳವಾಯಿತು. ಶಾಲೆಯ ಕಡತಗಳಾದರೆ ಮುಖ್ಯೋಪಾಧ್ಯಾಯರ ಸ್ವಂತ ಖಾತೆಯಲ್ಲಿಡದೆ ಶಾಲೆಯ ಹೆಸರಿನ ಖಾತೆಯಲ್ಲಿಡಬೇಕು. ಮುಖ್ಯೋಪಾಧ್ಯಾಯರಿಗೆ ವರ್ಗವಾದಾಗ ಕಡತಗಳಿಗೂ ವರ್ಗವಾಗಬಾರದು.

ನಕಲಾದುದು ಮೂಲದಂತೆಯೇ ಇದೆಯೆಂದು ತಿಳಿಯುವುದು ಹೇಗೆ? ಕಡತಗಳ ಸಂಖ್ಯೆ, ಒಟ್ಟು ಗಾತ್ರ ಹೊಂದಿಕೆಯಾಗುತ್ತದೆಯೇ ಎಂಬುದು ಮೊದಲ ಪರೀಕ್ಷೆ. ಹ್ಯಾಶ್ ಎಂಬುದು ಎರಡನೆಯದು. ಎಸ್‌ಎಚ್‌ಎ-256 ಎಂಬ ಗಣಿತಕ್ರಮವು ಯಾವ ಕಡತವನ್ನೇ ಕೊಡಲಿ, 64 ಅಂಕಿ ಅಕ್ಷರಗಳ ಒಂದು ಸಾಲನ್ನು ಕೊಡುತ್ತದೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ವಿಂಡೋಸಿನಲ್ಲಿಯೂ ಉಬುಂಟುವಿನಲ್ಲಿಯೂ ಇದನ್ನು ಲೆಕ್ಕಹಾಕುವ ಆಜ್ಞೆ ಅಂತರ್ಗತವಾಗಿದೆ. ಕುಟುಂಬದ ಭಾವಚಿತ್ರಗಳಿಗೆ ಇಷ್ಟು ಶ್ರಮ ಬೇಕಿಲ್ಲ. ಮನವಿಪತ್ರ, ಸಭಾ ನಡವಳಿ, ಜಮೀನಿನ ಆಧಾರದ ಸ್ಕ್ಯಾನ್, ಫೀಸಿನ ರಶೀದಿ ಇವುಗಳಿಗೆ ಬೇಕು. ಅದಕ್ಕೆ ಕಾರಣ ಕಾನೂನು.

ಅನ್ವರ್ ಪಿ.ವಿ. ವಿರುದ್ಧ ಪಿ.ಕೆ. ಬಶೀರ್ ಎಂಬ ಪ್ರಕರಣ ಮಲಪ್ಪುರಂ ಜಿಲ್ಲೆಯ ಏರನಾಡು ಕ್ಷೇತ್ರದ ಚುನಾವಣೆಯಿಂದ ಹುಟ್ಟಿದ್ದು. ಪ್ರಚಾರದ ಹಾಡು, ಭಾಷಣಗಳನ್ನು ಮುದ್ರಿಸಿಕೊಂಡು, ಗಣಕಯಂತ್ರಕ್ಕೆ ವರ್ಗಾಯಿಸಿ, ಅಲ್ಲಿಂದ ಸಿ.ಡಿ. ಮಾಡಿ ನ್ಯಾಯಾಲಯಕ್ಕೆ ಸಲ್ಲಿಸಲಾಗಿತ್ತು. ಕಾಯಿದೆ ಕೇಳುವ ಪ್ರಮಾಣಪತ್ರ ಜೊತೆಗಿರಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಸಿ.ಡಿ.ಗಳನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನೇ ಎತ್ತಿಹಿಡಿಯಿತು. ಮೂಲ ಯಂತ್ರವನ್ನೇ ತಂದು ಅದರ ಒಡೆಯ ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಡ ಎಂದೂ ಸ್ಪಷ್ಟಪಡಿಸಿತು. ಇದರ ಫಲಿತಾರ್ಥ ಮನೆಯವರಿಗೂ ತಿಳಿದಿರಬೇಕು. ಹಳೆಯ ಗಣಕವನ್ನು ಅಳಿಸಿದ ದಿನ, ಮೂಲ ಯಂತ್ರವನ್ನೇ ಹಾಜರುಪಡಿಸುವ ಸುಲಭದ ದಾರಿ ಮುಚ್ಚಿತು. ಆ ಬಳಿಕ ಪ್ರತಿಯನ್ನೇ ನೆಚ್ಚಬೇಕು, ಪ್ರತಿಗೆ ಪ್ರಮಾಣಪತ್ರ ಬೇಕು.

2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯಿದೆಯ ಸ್ಥಾನಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೆಯ ಕಲಮು ಈ ಪ್ರಮಾಣಪತ್ರವನ್ನು ಕೇಳುತ್ತದೆ. ಅನುಸೂಚಿಯಲ್ಲಿ ಕೊಟ್ಟಿರುವ ನಮೂನೆಯಲ್ಲಿ ಎರಡು ಭಾಗಗಳಿವೆ. ಒಂದನ್ನು ಕಡತ ಸಲ್ಲಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಸಾಧನದ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಕಡತದ ಹ್ಯಾಶ್ ಬೆಲೆ, ಇವೆಲ್ಲವನ್ನೂ ನಮೂನೆ ಕೇಳುತ್ತದೆ. ಗುಜರಿಗೆ ಹೋದ ಪೆಟ್ಟಿಗೆಯ ಕ್ರಮಸಂಖ್ಯೆಯನ್ನು ಹತ್ತು ವರ್ಷಗಳ ಬಳಿಕ ಯಾರು ಹೇಳಬಲ್ಲರು? ಯಂತ್ರದ ಹಿಂಬದಿಯ ಚೀಟಿಯನ್ನೂ ಒಳಗಿನ ಡಿಸ್ಕಿನ ಚೀಟಿಯನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು, ಹ್ಯಾಶ್ ಪಟ್ಟಿಯೊಡನೆ ಇಟ್ಟುಕೊಂಡರೆ ಆಯಿತು, ಐದು ನಿಮಿಷದ ಕೆಲಸ. ನಕಲು ಮಾಡಿದವರು ಯಾರು, ಯಾವ ದಿನ, ಯಾವ ಸಾಧನಕ್ಕೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಟ್ಟರೆ ಇನ್ನೂ ಒಳ್ಳೆಯದು. ವಿಂಡೋಸಿನಲ್ಲಿ ನಕಲು ಮಾಡಿದಾಗ ಕಡತವು ‘ಸೃಷ್ಟಿಯಾದ’ ದಿನವೆಂದು ನಕಲಾದ ದಿನವೇ ದಾಖಲಾಗುತ್ತದೆ, ‘ಮಾರ್ಪಟ್ಟ’ ದಿನ ಮಾತ್ರ ಹಳೆಯದಾಗಿ ಉಳಿಯುತ್ತದೆ. 2011ರ ಮನವಿಪತ್ರವು 2026ರಲ್ಲಿ ಹುಟ್ಟಿದಂತೆ ಕಾಣುವುದಕ್ಕೆ ವಿವರಣೆ ಆ ಹಾಳೆಯಲ್ಲಿರುತ್ತದೆ.

ಪರಿವರ್ತನೆಯಾದ ಯೂನಿಕೋಡ್ ಪ್ರತಿಯು ಕಾನೂನಿನ ದೃಷ್ಟಿಯಿಂದ ಬೇರೆಯೇ ಒಂದು ಕಡತ. ಅದರ ಹ್ಯಾಶ್ ಬೇರೆ. ಆದುದರಿಂದ ಪರಿವರ್ತಿಸಿದ ಮೇಲೆ ನುಡಿಯ ಮೂಲ ಕಡತವನ್ನು ಅಳಿಸುವಂತಿಲ್ಲ. ಓದುವುದಕ್ಕೊಂದು, ಸಾಕ್ಷ್ಯಕ್ಕೊಂದು. ಇನ್ನು, ಯಾವುದೇ ವ್ಯಾಜ್ಯ ನಡೆಯುತ್ತಿರುವಾಗ ಅಥವಾ ನಡೆಯಲಿದೆ ಎಂದು ತಿಳಿದಿರುವಾಗ ಅದಕ್ಕೆ ಸಂಬಂಧಪಟ್ಟ ಯಂತ್ರವನ್ನು ಅಳಿಸುವ ಯೋಚನೆಯನ್ನೇ ಮಾಡಬಾರದು. ಸಾಕ್ಷ್ಯವಾಗಿ ಒದಗದಂತೆ ಮಾಡುವ ಉದ್ದೇಶದಿಂದ ವಿದ್ಯುನ್ಮಾನ ದಾಖಲೆಯನ್ನು ನಾಶಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 241ನೆಯ ಕಲಮಿನಂತೆ ಅಪರಾಧ. ಉದ್ದೇಶವಿರಲಿಲ್ಲವೆಂದು ಸಾಧಿಸುವ ಪಾಡು ಯಾರಿಗೂ ಬೇಡ.

ಎಲ್ಲವೂ ನಕಲಾಯಿತು, ಹೊಸ ಯಂತ್ರದಲ್ಲಿ ಪ್ರತಿಯೊಂದು ಬಗೆಯ ಒಂದೆರಡು ಕಡತಗಳನ್ನಾದರೂ ತೆರೆದು ಓದಿಯಾಯಿತು ಎಂದಿಟ್ಟುಕೊಂಡರೂ ಎರಡು ವಾರ ಕಾಯುವುದು ಜಾಣತನ. ಬಿಟ್ಟುಹೋದದ್ದು ನೆನಪಾಗುವುದು ನಕಲು ಮಾಡಿದ ದಿನ ಅಲ್ಲ. ವಿದ್ಯುತ್ ಬಿಲ್ಲಿನ ಹಳೆಯ ಪ್ರತಿ ಬೇಕಾದ ದಿನ. ಆ ಬಳಿಕ ಅಳಿಸಬಹುದು.

ಅಳಿಸುವುದರಲ್ಲಿಯೂ ಅರೆಬರೆ ಸಲ್ಲದು. ಕಡತವನ್ನು ಡಿಲೀಟ್ ಮಾಡಿದಾಗಲೂ ಕ್ವಿಕ್ ಫಾರ್ಮ್ಯಾಟ್ ಮಾಡಿದಾಗಲೂ ಹಾರ್ಡ್ ಡಿಸ್ಕಿನಲ್ಲಿ ಅಳಿಯುವುದು ವಿಳಾಸಪಟ್ಟಿ ಮಾತ್ರ, ಮನೆ ಹಾಗೆಯೇ ಇರುತ್ತದೆ. ಸುಲಭವಾಗಿ ದೊರೆಯುವ ತಂತ್ರಾಂಶಗಳಿಂದ ಅದನ್ನು ಮರಳಿ ಪಡೆಯಬಹುದು. ಶಾಲೆಯ ಗಣಕದಲ್ಲಿ ಮಕ್ಕಳ ಆಧಾರ್ ಸಂಖ್ಯೆ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಮನೆಯ ವಿಳಾಸ, ವಿದ್ಯಾರ್ಥಿವೇತನದ ಬ್ಯಾಂಕ್ ಖಾತೆಗಳ ವಿವರ ಇರುತ್ತವೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣ ಕಾಯಿದೆ 18 ವರ್ಷ ತುಂಬದವರೆಲ್ಲರನ್ನೂ ಮಗು ಎಂದೇ ಎಣಿಸುತ್ತದೆ, ದತ್ತಾಂಶ ಇಟ್ಟುಕೊಂಡವರ ಮೇಲೆ ಅದನ್ನು ಕಾಯುವ ಹೊಣೆ ಹೊರಿಸುತ್ತದೆ. ಕಾಯಿದೆಯ ಮಾತು ಒತ್ತಟ್ಟಿಗಿರಲಿ, ನೆರೆಮನೆಯ ಮಗುವಿನ ಬ್ಯಾಂಕ್ ವಿವರ ಗುಜರಿ ಅಂಗಡಿಗೆ ಹೋಗಬಾರದೆಂಬುದು ಸಾಮಾನ್ಯ ಮರ್ಯಾದೆ. ವಿಂಡೋಸ್ 10ರಲ್ಲಿ ಯಂತ್ರವನ್ನು ಮೂಲಸ್ಥಿತಿಗೆ ತರುವ ಆಯ್ಕೆಯೊಳಗೆ, ಎಲ್ಲವನ್ನೂ ತೆಗೆದು ಡ್ರೈವನ್ನೂ ಶುಚಿಗೊಳಿಸು ಎಂಬ ಉಪ ಆಯ್ಕೆಯಿದೆ. ಕೆಲವು ಗಂಟೆ ಹಿಡಿಯುವ ಅದನ್ನೇ ಆಯ್ದುಕೊಳ್ಳಬೇಕು. ಉಬುಂಟು ಸ್ಥಾಪನೆಯ ‘ಅಳಿಸು’ ಆಯ್ಕೆ ಇಷ್ಟು ಕೂಲಂಕಷವಲ್ಲ. ಯಂತ್ರ ಮನೆಯಲ್ಲೇ ಉಳಿಯುವುದಾದರೆ ಅಷ್ಟು ಸಾಕು, ಹೊರಹೋಗುವುದಾದರೆ ಸಾಲದು. ಎಸ್‌ಎಸ್‌ಡಿ ಆಗಿದ್ದರೆ ತಯಾರಕರು ಕೊಡುವ ಸುರಕ್ಷಿತ ಅಳಿಕೆಯ ಉಪಕರಣವನ್ನು ಬಳಸುವುದು ಸರಿಯಾದ ಕ್ರಮ. ಸರಕಾರದಿಂದ ಬಂದ ಯಂತ್ರವಾದರೆ ಅದು ಶಾಲೆಯ ದಾಸ್ತಾನು ಪುಸ್ತಕದಲ್ಲಿರುತ್ತದೆ, ಅಲ್ಲಿಂದ ಕ್ರಮಪ್ರಕಾರ ಇಳಿಸದೆ ಅಳಿಸುವುದಕ್ಕೂ ಮಾರುವುದಕ್ಕೂ ಯಾರಿಗೂ ಅಧಿಕಾರವಿಲ್ಲ.

ಮನೆಯ ಯಂತ್ರಕ್ಕಾದರೆ ಇನ್ನೂ ಸರಳವಾದ ಉಪಾಯವಿದೆ. ಗುಜರಿಯವನು ಕೊಡುವ ಹಣ ಡಿಸ್ಕಿಗಾಗಿ ಹೆಚ್ಚಾಗುವುದಿಲ್ಲ. ಮೇಜಿನ ಗಣಕದ ಪೆಟ್ಟಿಗೆಯ ಬದಿಯ ಮುಚ್ಚಳ ತೆರೆದು, ಎರಡು ತಂತಿಗಳನ್ನು ಕಿತ್ತು, ನಾಲ್ಕು ತಿರುಪು ಕಳಚಿದರೆ ಡಿಸ್ಕ್ ಕೈಗೆ ಬರುತ್ತದೆ. ಅದನ್ನು ತೇವ ತಾಗದಂತೆ ಸುತ್ತಿ, ಮೇಲೆ ಯಾರ ಯಂತ್ರದ್ದು, ಯಾವ ವರ್ಷದಿಂದ ಯಾವ ವರ್ಷದವರೆಗಿನದು ಎಂದು ಬರೆದು, ಜಮೀನಿನ ಆಧಾರಗಳಿರುವ ಕಪಾಟಿನಲ್ಲಿಡಬಹುದು. ಯುಎಸ್‌ಬಿಗೆ ಜೋಡಿಸುವ ಕವಚವೊಂದನ್ನು ಕೊಂಡರೆ ಬೇಕಾದಾಗ ಯಾವ ಯಂತ್ರಕ್ಕೂ ತಗುಲಿಸಿ ನೋಡಬಹುದು. ಡಿಸ್ಕಿಲ್ಲದ ಪೆಟ್ಟಿಗೆಗೆ ಹೊಸದೊಂದು ಚಿಕ್ಕ ಎಸ್‌ಎಸ್‌ಡಿ ಹಾಕಿ ಉಬುಂಟು ಸ್ಥಾಪಿಸಿದರೆ ಯಂತ್ರವು ಮೊದಲಿಗಿಂತ ಚುರುಕಾಗಿಯೇ ನಡೆಯುತ್ತದೆ. ಮಗುವಿಗೆ ಅದು ಲಾಭ. ಹಾಗೆ ಉಳಿಸಿಕೊಳ್ಳದೆ ಪೆಟ್ಟಿಗೆಯನ್ನು ಬಿಡುವುದೇ ಆದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಕರಣಕಾರರಿಗೆ ತಲುಪುವ ಸಂಗ್ರಹಕ್ಕೆ ಕೊಡಬೇಕು. ತೋಟದ ಮೂಲೆಯಲ್ಲಿ ಸುಡುವ ರಾಶಿಗೆ ಅದರ ತಂತಿಗಳೂ ಹಲಗೆಗಳೂ ಸೇರಬಾರದು.